ಕಾಲು ಊರದ ಸವಾರ

“ಅವ್ವಾ, ನನ್ನ ಹಿಂದ ಬಂದಾಕಿ ನನಗಿಂತ ಮುಂದ ಹೆಂಗ ಹೋದಳು?”

ಇದನ್ನು ಕೇಳುವಾಗ ದ್ಯಾಮಣ್ಣ ಸೈಕಲ್ ಮೇಲೆಯೇ ಇದ್ದ. ಒಂದು ಕಾಲು ಪೆಡಲಿನ ಮೇಲೆ, ಇನ್ನೊಂದು ಕಾಲು ಕಟ್ಟೆಯ ಅಂಚಿನ ಮೇಲೆ. ಹಿಂದಿನ ಕ್ಯಾರಿಯರಿಗೆ ಹಾಸಿಗೆಯ ಸುರುಳಿ ಬಿಗಿದಿತ್ತು. ಅದರ ಮೇಲೆ ಬಟ್ಟೆ ಸುತ್ತಿದ ಏಕತಾರಿ. ಹನ್ನೆರಡು ವರ್ಷ ಫಕೀರವ್ವನ ಹತ್ತಿರ ತತ್ವಪದ ಕಲಿತವನು ಅವನು. ಭಜನೆಯಲ್ಲಿ ಮೊದಲ ಸೊಲ್ಲು ಎತ್ತುವುದು ಇಷ್ಟು ದಿನ ಅವನದಾಗಿತ್ತು. ನಿನ್ನೆ ಸೋಮವಾರ ಫಕೀರವ್ವ ಶಾವಂತ್ರಿಯ ಕಡೆ ನೋಡಿ, “ಇವತ್ತ ನೀ ಎತ್ತವಾ” ಅಂದಿದ್ದಳು. ಶಾವಂತ್ರಿ ಬಂದು ಇನ್ನೂ ಮೂರು ವರ್ಷ ತುಂಬಿರಲಿಲ್ಲ.

ಫಕೀರವ್ವ ಕಟ್ಟೆಯ ಮೇಲೆ ಕೂತು ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ಹಾಸಿಗೆಯನ್ನೂ ನೋಡಿದಳು, ಏಕತಾರಿಯನ್ನೂ ನೋಡಿದಳು.

“ಮುಂದ ಬಂದ ಕಿವಿಗಿಂತ ಹಿಂದ ಬಂದ ಕೋಡು ಉದ್ದ ಅಂತಾರ,” ಅಂದಳು. “ಆದರ ನೀ ಕಿವಿ ಅಲ್ಲ, ಆಕಿ ಕೋಡು ಅಲ್ಲ. ಬಾ, ಕುಂದರು. ಒಂದು ಕತಿ ಐತಿ.”

“ಇಲ್ಲವ್ವಾ. ಬಿಸಿಲಾಗೋದ್ರಾಗ ಊರು ಮುಟ್ಟಬೇಕು. ಇಲ್ಲಿಂದಲೇ ಕೇಳ್ತೀನಿ.”

“ಹಂಗಾದರ ಅಲ್ಲಿಂದಲೇ ಕೇಳು. ಹೂಂ ಅನ್ನೋದು ಮಾತ್ರ ಬಿಡಬ್ಯಾಡ. ಹೂಂ ಅನ್ನದವರಿಗೆ ಹೇಳಿದ ಕತಿ ಗ್ವಾಡಿಗೆ ಹೋಗ್ತದ. ನಾ ಹುಟ್ಟಿ ಸೈಕಲ್ ಹತ್ತಿದಾಕಿ ಅಲ್ಲ. ಕೇಳಿದ್ದನ್ನ ಹೇಳ್ತೀನಿ. ತಪ್ಪಿದರ ನಿನ್ನ ಸೈಕಲ್ಲ ತಿದ್ದಲಿ.”

ದ್ಯಾಮಣ್ಣ ನಗಲಿಲ್ಲ. “ಹೂಂ” ಅಂದ.

ಅವಳು ಹೇಳಿದ ಕತೆ ಇದು.

ಒಬ್ಬ ಸವಾರ ಇದ್ದ. ಅವನಿಗೊಂದು ಹೆಸರಿತ್ತು, ನಮಗೆ ಬೇಡ. ಅವನ ಸೀಮೆಯಲ್ಲಿ ಮಕ್ಕಳು ನಡೆಯುವುದಕ್ಕಿಂತ ಮೊದಲು ಸೈಕಲ್ ಕಲಿಯುತ್ತಾರೆ ಎಂದು ಹೇಳಿ ನಗುತ್ತಾರೆ. ಇವನು ಹಾಗೇ ಕಲಿತವನು. ಅಪ್ಪನ ದೊಡ್ಡ ಸೈಕಲ್ಲಿನ ನಡುವಿನ ಸಂದಿಯಲ್ಲಿ ಕಾಲು ತೂರಿಸಿ, ಓರೆಯಾಗಿ, ಒಂದು ಕೈ ಹ್ಯಾಂಡಲಿಗೆ, ಒಂದು ಕೈ ಸೀಟಿಗೆ. ಬೆಳೆದ ಮೇಲೆ ನೆಲದ ಮೇಲೆ ಓಡಿಸುವುದು ಅವನಿಗೆ ಸಾಲದಾಯಿತು. ಗುಡ್ಡ ಬೇಕಾಯಿತು.

ಗುಡ್ಡದ ಸೈಕಲ್ಲಿನವರಿಗೆಂದು ಒಂದು ದೊಡ್ಡ ಪಂದ್ಯ ಇತ್ತು. ಮ್ಯಾರಥಾನ್ ಅಂತಾರೆ. ಏಳು ಗುಡ್ಡ, ನೂರು ಕಿಲೋಮೀಟರು. ಡಾಂಬರಿಲ್ಲ. ಕಲ್ಲು, ಮಣ್ಣು, ಮುಳ್ಳು, ಹಳ್ಳ. ಬೆಳಗು ಹರಿಯುವಾಗ ಹೊರಟವರು ಹೊತ್ತು ತಿರುಗಿದ ಮೇಲೆ ಬರುತ್ತಾರೆ. ಮೊದಲ ಮೂವರನ್ನು ದೇಶದ ತಂಡದ ಶಿಬಿರಕ್ಕೆ ಕರೆಯುತ್ತಾರೆ. ನಾಲ್ಕನೆಯವನ ಹೆಸರನ್ನು ಓದುವುದೂ ಇಲ್ಲ.

ಸವಾರ ಎರಡು ಸಲ ನಾಲ್ಕನೆಯವನಾಗಿದ್ದ.

ಇದು ಮೂರನೆಯ ಸಲ. ಇಪ್ಪತ್ತಮೂರು ತುಂಬಿದವರನ್ನು ಶಿಬಿರಕ್ಕೆ ತೆಗೆದುಕೊಳ್ಳುವುದಿಲ್ಲ. ಅವನಿಗೆ ಬರುವ ಯುಗಾದಿಗೆ ತುಂಬುತ್ತಿತ್ತು. ಇನ್ನೊಂದು ಸಲ ಎನ್ನುವುದು ಇರಲಿಲ್ಲ.

ಪಂದ್ಯ ಸಂಕ್ರಾಂತಿ ಕಳೆದ ಮೇಲೆ. ಅವನು ದೀಪಾವಳಿ ಮುಗಿಯುತ್ತಲೇ ಏಳನೆಯ ಗುಡ್ಡಕ್ಕೆ ಬಂದ. ಗೆಲ್ಲುವವರು ಸೋಲುವವರು ತಿಳಿಯುವುದು ಆ ಕೊನೆಯ ಗುಡ್ಡದಲ್ಲೇ. ಬುಡದ ಹಳ್ಳಿಯಲ್ಲಿ ಒಂದು ಖೋಲಿ ಹಿಡಿದ. ಎರಡು ರೊಟ್ಟಿ, ಶೇಂಗಾ ಹಿಂಡಿ, ಒಂದು ಮುಷ್ಟಿ ನೆನೆದ ಕಾಳು. ಇದು ಬಿಟ್ಟರೆ ಅವನಿಗೆ ಗುಡ್ಡ, ಗುಡ್ಡ ಬಿಟ್ಟರೆ ಇದು.

ಆ ಗುಡ್ಡದ ತಲೆಯ ಮೇಲೆ ಗಾಳಿಕಂಬಗಳಿದ್ದವು. ಕರೆಂಟು ತೆಗೆಯುವ ಕಂಬ. ಒಂದೊಂದಕ್ಕೂ ಮೂರು ರೆಕ್ಕೆ. ಚಳಿಗಾಲದ ಮುಂಜಾನೆ ಮಂಜು ಬಿದ್ದಾಗ ಕಂಬ ಕಾಣವು, ರೆಕ್ಕೆ ಕಾಣವು. ಸದ್ದು ಮಾತ್ರ ಕೇಳುತ್ತದೆ. ಹೂಂ. ಸ್ವಲ್ಪ ತಡೆದು, ಹೂಂ. ಗುಡ್ಡ ಯಾವುದೋ ಕತೆ ಹೇಳುತ್ತಿದೆ, ಯಾರೋ ಮೇಲೆ ಕೂತು ಹೂಂಗುಟ್ಟುತ್ತಿದ್ದಾರೆ, ಹಾಗೆ.

ಸವಾರ ಆ ಸದ್ದು ಹಿಡಿದು ಹತ್ತುತ್ತಿದ್ದ. ಒಂದು ಹೂಂಗೆ ಒಂದು ಸುತ್ತು ಪೆಡಲು. ಮುಂದಿನ ಹೂಂಗೆ ಇನ್ನೊಂದು. ಹಗಲು ಹತ್ತಿದ ಗುಡ್ಡವನ್ನೇ ನಿದ್ದೆಯಲ್ಲೂ ಹತ್ತುತ್ತಿದ್ದ. ಯಾವುದು ಎಚ್ಚರ, ಯಾವುದು ಕನಸು, ಕಾಲುಗಳಿಗೆ ತಿಳಿಯುತ್ತಿರಲಿಲ್ಲ. ಒಂದು ಮುಂಜಾನೆ ಅವನಿಗೆ ಎಚ್ಚರವಾದದ್ದು ಅರ್ಧ ದಾರಿಯಲ್ಲಿ. ಎದ್ದದ್ದು ನೆನಪಿಲ್ಲ, ಮುಖ ತೊಳೆದದ್ದು ನೆನಪಿಲ್ಲ. ಸೈಕಲ್ ತನ್ನ ಪಾಡಿಗೆ ತಾನು ಹತ್ತುತ್ತಲೇ ಇತ್ತು.

ಏರು ಶುರುವಾಗುವಲ್ಲಿ ಎರಡು ಫರ್ಲಾಂಗು ಎರೆಹೊಲ. ಕಪ್ಪು ಮಣ್ಣು, ಒಣಗಿ ಕಲ್ಲಾಗಿತ್ತು. ಹೊಲ ಮುಗಿಯುವ ಕಡೆ ಒಂದು ಹೊರೆಗಲ್ಲು. ಹಿಂದಿನ ಕಾಲದವರು ನೆಟ್ಟದ್ದು. ಎದೆಯೆತ್ತರದ ಎರಡು ಕಲ್ಲು, ಮೇಲೊಂದು ಅಡ್ಡಗಲ್ಲು. ತಲೆಹೊರೆ ಹೊತ್ತವರು ಯಾರ ಸಹಾಯವೂ ಇಲ್ಲದೆ ಅದರ ಮೇಲೆ ಹೊರೆ ಜಾರಿಸಿ ದಣಿವಾರಿಸಿಕೊಳ್ಳಲಿ ಎಂದು. ಈಗ ಹೊರೆ ಹೊರುವವರಿಲ್ಲ. ಒಬ್ಬ ಕುರಿ ಕಾಯುವ ಮುದುಕಿ ಅದಕ್ಕೆ ಬೆನ್ನು ಕೊಟ್ಟು ಕೂತಿರುತ್ತಿದ್ದಳು.

ಮೊದಲ ವಾರ ಅವಳು ಸುಮ್ಮನೆ ನೋಡಿದಳು. ಎರಡನೆಯ ವಾರ ಕೇಳಿದಳು.

“ಎಲ್ಲಿಗೆ ಹೊಂಟೀಯೋ ತಮ್ಮಾ, ದಿನಾ?”

“ಮ್ಯಾಲೆ.”

“ಮ್ಯಾಲೆ ಏನೈತಿ?”

“ಏನಿಲ್ಲ. ಮುಟ್ಟಿ ತಿರುಗಿ ಬರ್ತೀನಿ.”

“ಏನೂ ಇಲ್ಲದಲ್ಲಿಗೆ ಹೋಗಿ ತಿರುಗಿ ಬರಾಕ ಇಷ್ಟು ತೇಕಬೇಕೇನು? ಇಲ್ಲೇ ಕುಂದರು. ಹೋಗಿ ಬಂದಂಗ ಆತು.”

ಅವನ ಮುಂಗೈಗೆ ಒಂದು ಗಡಿಯಾರ ಇತ್ತು. ಎದೆ ಎಷ್ಟು ಬಡಿಯುತ್ತದೆ ಎಂದು ಅದು ಹೇಳುತ್ತಿತ್ತು. ಅವನು ಅದನ್ನು ನೋಡಿಕೊಂಡದ್ದು ಮುದುಕಿಗೆ ಕಂಡಿತು.

“ಅದೇನು, ಹೊತ್ತು ನೋಡೋದೇನು?”

“ಎದಿಬಡಿತ ನೋಡೋದು, ಅವ್ವಾ.”

“ನಿನ್ನ ಎದಿ ಬಡಿಯೋದು ನಿನಗ ಗೊತ್ತಾಗಂಗಿಲ್ಲಾ? ಕೈ ನೋಡಿ ತಿಳಕೋಬೇಕಾ?” ಎಂದು ಅವಳು ಬಾಯಿಗೆ ಸೆರಗು ಮುಚ್ಚಿ ನಕ್ಕಳು.

ಹೊರೆಗಲ್ಲಿನಿಂದ ಮೇಲೆ ಜಾರುಗಲ್ಲಿನ ಏರು. ಹೆಂಚಿನ ಚೂರಿನಂಥ ಕಲ್ಲು. ಗಾಲಿ ಇಟ್ಟರೆ ಕಲ್ಲು ಜಾರುತ್ತದೆ, ಕಲ್ಲು ಜಾರಿದರೆ ಗಾಲಿ ಹೊರಳುತ್ತದೆ. ಅಲ್ಲಿ ಎಲ್ಲರೂ ಕಾಲು ಊರುತ್ತಾರೆ. ಇವನು ಊರುತ್ತಿರಲಿಲ್ಲ. ಅವನ ಜೊತೆಯ ಸವಾರರಲ್ಲಿ ಒಂದು ಮಾತಿತ್ತು: ಕಾಲು ಊರಿದವ ಕಾಲಾಳು, ಊರದವ ಸವಾರ. ಎರಡು ಸಲ ನಾಲ್ಕನೆಯವನಾದಾಗಲೂ ಅವನು ಅಲ್ಲೇ ಕಾಲು ಊರಿದ್ದ. ಆದ್ದರಿಂದ ಈ ಸಲ ಹರಕೆ ಹೊತ್ತಿದ್ದ. ಗುಡ್ಡಕ್ಕೆ ಬಂದಾಗಿನಿಂದ ಪಂದ್ಯ ಮುಗಿಯುವವರೆಗೆ ಏರಿನಲ್ಲಿ ನೆಲಕ್ಕೆ ಕಾಲು ಮುಟ್ಟಿಸುವುದಿಲ್ಲ.

ಅದನ್ನು ಅವನು ಸಾಧಿಸಿದ. ಸೈಕಲ್ಲನ್ನು ನಿಂತಲ್ಲೇ ನಿಲ್ಲಿಸಿ, ಕಾಲು ಊರದೆ, ಮೈಯ ತೂಕ ಆಚೆ ಈಚೆ ತೂಗಿ ಹಿಡಿಯುವುದನ್ನು ಕಲಿತ. ಕಲ್ಲು ಜಾರುವುದು ನಿಂತ ಮೇಲೆ ಅರ್ಧ ಸುತ್ತು ತುಳಿಯುವುದು. ಮತ್ತೆ ನಿಲ್ಲುವುದು. ನೋಡಲು ಚಂದ. ಆದರೆ ನಿಧಾನ. ಮುದುಕಿಯ ಹಿಂಡಿನಲ್ಲಿ ಒಂದು ಕುಂಟ ಕುರಿ ಇತ್ತು. ಆ ಏರಿನಲ್ಲಿ ಅದೂ ಅವನನ್ನು ದಾಟಿ ಹೋಗುತ್ತಿತ್ತು. ದಾಟುವಾಗ ಒಮ್ಮೆ ತಿರುಗಿ ನೋಡುತ್ತಿತ್ತು.

ಒಂದು ತಿಂಗಳಾಯಿತು. ಒಂದು ದಿನ ಅವನು ಹೊರೆಗಲ್ಲಿನ ಹತ್ತಿರ ಬಂದಾಗ ಮುದುಕಿ ಅಂದಳು:

“ಹತ್ತೋದು ಬಂತು ತಮ್ಮಾ ನಿನಗ. ಇನ್ನ ಇಳಿಯೋದು ಕಲಿ.”

ಮಾತು ಅವನ ಮನಸ್ಸಿಗೆ ಹತ್ತಿತು. ಹೌದಲ್ಲ, ಏಳು ಗುಡ್ಡ ಹತ್ತುವವನು ಏಳು ಗುಡ್ಡ ಇಳಿಯಲೂ ಬೇಕಲ್ಲ. ತಾನು ಹತ್ತುವುದನ್ನೇ ನೋಡುತ್ತ ಇಳಿಯುವುದನ್ನು ಮರೆತೆ ಅಂದುಕೊಂಡ. ಅವತ್ತಿನಿಂದ ಇಳಿಜಾರು ಕಲಿಯತೊಡಗಿದ. ಸೀಟಿನ ಹಿಂದೆ ಸರಿದು ಕೂರುವುದು, ಬ್ರೇಕಿನ ಮೇಲೆ ಒಂದೇ ಬೆರಳು ಇಡುವುದು, ಆಮೇಲೆ ಆ ಬೆರಳನ್ನೂ ತೆಗೆಯುವುದು. ಯಾವ ತಿರುವಿನಲ್ಲಿ ಯಾವ ಕಲ್ಲಿದೆ ಎಂದು ಅವನಿಗೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಮಂಜಿನಲ್ಲಿ ಅವನು ಇಳಿಯುವಾಗ ಗಾಲಿ ನೆಲಕ್ಕೆ ಹತ್ತಿದ ಸದ್ದೇ ಇರುತ್ತಿರಲಿಲ್ಲ. ಒಂದು ಗಾಳಿ ಬಂತು, ಹೋಯಿತು. ಕುರಿಗಳು ಮೇಯುವುದನ್ನು ಬಿಟ್ಟು ತಲೆ ಎತ್ತುತ್ತಿರಲಿಲ್ಲ.

ಹದಿನೈದು ದಿನ ಕಳೆದು ಮುದುಕಿಯ ಮುಂದೆ ಬ್ರೇಕು ಹಾಕಿದ.

“ಅವ್ವಾ, ಈಗ?”

“ಇನ್ನೂ ಇಳಿಯೋದು ಬಂದಿಲ್ಲ.”

ಅವನು ಇನ್ನೂ ಬೇಗ ಇಳಿದ. ಇನ್ನೂ ಹದಿನೈದು ದಿನ.

“ಈಗ?”

“ಊಹೂಂ.”

ಸವಾರನಿಗೆ ಸಿಟ್ಟು ಬಂತು. “ನನಗಿಂತ ಬೇಗ ಈ ಗುಡ್ಡ ಇಳಿಯೋರು ಯಾರದಾರವ್ವಾ, ನೀನ ಹೇಳು!”

“ಕಲ್ಲು ಇಳೀತದ. ನೀರು ಇಳೀತದ. ಅವಕ್ಕ ಯಾರೂ ಕಲಿಸಿಲ್ಲ. ನಾ ಅಂದಿದ್ದು...”

ಮುಂದಿನ ಮಾತು ಕೇಳಲು ಅವನು ಇರಲಿಲ್ಲ. ಪೆಡಲು ತುಳಿದಾಗಿತ್ತು. ಮುದುಕಿಯ ಉಳಿದ ಮಾತು ಮಂಜಿನಲ್ಲಿ ಉಳಿಯಿತು. ಮೇಲೆ ಗಾಳಿಕಂಬ ಹೂಂ ಅಂದಿತು.

(ಇಲ್ಲಿ ಫಕೀರವ್ವ ಒಂದು ಬತ್ತಿ ಹೊಸೆದು ಮುಗಿಸಿ ಮೊರದಲ್ಲಿಟ್ಟಳು. “ಕಾಲು ಜೋಮು ಹಿಡಿದಿಲ್ಲೇನೋ?” ಎಂದು ಕೇಳಿದಳು. “ಇರಲಿ ಹೇಳವ್ವಾ” ಅಂದ ದ್ಯಾಮಣ್ಣ. ಕಟ್ಟೆಯ ಮೇಲಿದ್ದ ಕಾಲನ್ನು ಸ್ವಲ್ಪ ಸರಿಸಿ ಇಟ್ಟ. ಅವಳು ಮುಂದೆ ಹೇಳಿದಳು.)

ಪಂದ್ಯಕ್ಕೆ ಇನ್ನು ಮೂರು ವಾರ ಇರುವಾಗ ಒಬ್ಬ ಹುಡುಗಿ ಆ ಗುಡ್ಡಕ್ಕೆ ಬಂದಳು. ಅವಳೂ ಸವಾರಳೇ. ಹೆಂಗಸರ ಪಂದ್ಯ ಅದೇ ದಾರಿಯಲ್ಲಿ, ಗಂಡಸರು ಹೊರಟ ಹತ್ತು ನಿಮಿಷದ ಮೇಲೆ. ಯಾರೋ ಓಡಿಸಿ ಬಿಟ್ಟ ಸೈಕಲ್ಲು ಅವಳದು. ಸೀಟು ಹರಿದು ಪಟ್ಟಿ ಸುತ್ತಿತ್ತು.

ಎರೆಹೊಲ ದಾಟಿ, ಹೊರೆಗಲ್ಲು ದಾಟಿ, ಜಾರುಗಲ್ಲು ಬರುತ್ತಲೇ ಅವಳು ಇಳಿದಳು. ಸೈಕಲ್ಲನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಬಿಂದಿಗೆ ಹೊತ್ತವಳ ಹಾಗೆ, ಏನೋ ಗುನುಗುತ್ತ, ನಡೆದು ಹತ್ತಿದಳು. ಮೇಲೆ ನೆಲ ಗಟ್ಟಿಯಾದ ಕಡೆ ಸೈಕಲ್ ಇಳಿಸಿ ಮತ್ತೆ ಹತ್ತಿ ಹೋದಳು.

ಸವಾರ ಅದೇ ಏರಿನ ನಡುವೆ ಕಾಲು ಊರದೆ ತೂಗುತ್ತ ನಿಂತಿದ್ದ. ಅವನಿಗೆ ನಗು ತಡೆಯಲಿಲ್ಲ.

“ಏ ತಂಗೀ, ಸೈಕಲ್ ಮ್ಯಾಲೆ ನೀ ಕುಂದರಬೇಕು. ನಿನ್ನ ಮ್ಯಾಲೆ ಸೈಕಲ್ ಕುಂದರಬಾರದು!”

ಹುಡುಗಿ ನಿಲ್ಲಲಿಲ್ಲ. ಮಂಜಿನೊಳಗಿಂದ ಅವಳ ದನಿ ಮಾತ್ರ ಬಂತು.

“ಅದಕ್ಕೂ ದಣಿವಾಗೈತಿ ಅಣ್ಣಾ. ಸ್ವಲ್ಪ ಹೊತ್ತು ನಾ ಹೊರ್ತೀನಿ.”

ಆ ಹುಡುಗಿ ಬರುವಾಗ ಹೋಗುವಾಗ ಹೊರೆಗಲ್ಲಿನ ಹತ್ತಿರ ನಿಲ್ಲುತ್ತಿದ್ದಳು. ಮುದುಕಿ ಮಜ್ಜಿಗೆ ಕೊಡುತ್ತಿದ್ದಳು. ಒಂದು ದಿನವೂ ಅವಳಿಗೆ ‘ಇಳಿಯೋದು ಕಲಿ’ ಎಂದು ಹೇಳಲಿಲ್ಲ. ಸವಾರ ಅದನ್ನು ಗಮನಿಸಿದ. ಕಾಲಾಳಿಗೆ ಏನು ಹೇಳುತ್ತಾಳೆ, ಹೇಳಿದರೂ ಏನು ಉಪಯೋಗ ಅಂದುಕೊಂಡ.

ಪಂದ್ಯದ ಹಿಂದಿನ ಸಂಜೆ ಮಳೆ ಬಂತು. ಮಳೆ ಬರುವ ಕಾಲವಲ್ಲ ಅದು. ಬಂತು, ಒಂದು ಗಳಿಗೆ ಸುರಿಯಿತು, ಹೋಯಿತು. ಸವಾರ ಕಿಟಕಿಯಲ್ಲಿ ನೋಡಿದ. ಧೂಳು ಅಡಗಿತು, ಒಳ್ಳೆಯದೇ ಆಯಿತು ಎಂದು ಮಲಗಿದ. ಅವನು ಆ ಎರೆಹೊಲವನ್ನು ಒಣಗಿದ್ದಾಗ ಮಾತ್ರ ನೋಡಿದ್ದ.

ಬೆಳಿಗ್ಗೆ ಎಲ್ಲರೂ ಹೊರಟರು. ಒಂದು ಗುಡ್ಡ ಹತ್ತಿದರು, ಇಳಿದರು. ಎರಡು ಗುಡ್ಡ ಹತ್ತಿದರು, ಇಳಿದರು. ಮೂರನೆಯದನ್ನು ಇಳಿಯುವಾಗ ಸವಾರನ ಮುಂದೆ ಒಬ್ಬನೇ ಇದ್ದ. ನಾಲ್ಕನೆಯದರಲ್ಲಿ ಯಾರೂ ಇರಲಿಲ್ಲ. ಇಳಿಜಾರಿನಲ್ಲಿ ಅವನನ್ನು ಹಿಡಿಯುವವರೇ ಇರಲಿಲ್ಲ. ಆರು ಗುಡ್ಡ ಮುಗಿಯುವಾಗ ಹಿಂದಿನವರ ಸದ್ದೂ ಕೇಳುತ್ತಿರಲಿಲ್ಲ.

ಏಳನೆಯ ಗುಡ್ಡ. ಹಗಲಾಗಿದ್ದರೂ ಮಳೆಯ ತಂಪಿಗೆ ಅಲ್ಲಿ ಮಂಜು ಕೂತೇ ಇತ್ತು. ಮೇಲೆ ಗಾಳಿಕಂಬ ಹೂಂ ಅನ್ನುತ್ತಿತ್ತು. ಸವಾರ ಎರೆಹೊಲಕ್ಕೆ ಗಾಲಿ ಇಟ್ಟ.

ನೆನೆದ ಎರೆಮಣ್ಣು ಏನು ಮಾಡುತ್ತದೆ ನಿನಗೆ ಗೊತ್ತು. ಚಪ್ಪಲಿ ಬಿಡುವುದಿಲ್ಲ, ಎತ್ತಿನ ಗೊರಸು ಬಿಡುವುದಿಲ್ಲ. ಮೊದಲ ಹತ್ತು ಮಾರು ಗಾಲಿ ಉರುಳಿತು. ಆಮೇಲೆ ಗಾಲಿಗೆ ಮಣ್ಣು ಸುತ್ತಿತು. ಮಣ್ಣಿಗೆ ಮಣ್ಣು ಸುತ್ತಿತು. ಗಾಲಿಗೂ ಅದನ್ನು ಹಿಡಿದ ಕಬ್ಬಿಣದ ಕವಲಿಗೂ ನಡುವೆ ಜೋಳದ ಹಿಟ್ಟು ನಾದಿ ತುರುಕಿದ ಹಾಗೆ ತುಂಬಿಕೊಂಡಿತು. ಅವನು ಎದ್ದು ನಿಂತು ತುಳಿದ. ಹೇಗೋ ಹೊಲದ ಕೊನೆಯವರೆಗೂ ಬಂದ. ಹೊರೆಗಲ್ಲು ಹತ್ತು ಹೆಜ್ಜೆ ಇರುವಾಗ ಗಾಲಿ ನಿಂತಿತು.

ಸವಾರ ಕಾಲು ಊರಲಿಲ್ಲ.

ಮೂರು ತಿಂಗಳು ಕಲಿತದ್ದು ಅದೇ ಅಲ್ಲವೇ? ಮೈಯನ್ನು ಆಚೆ ಈಚೆ ತೂಗುತ್ತ, ಸೈಕಲ್ಲನ್ನು ನಿಂತಲ್ಲೇ ಹಿಡಿದ. ಗಾಳಿ ನಿಂತಾಗ ಕಂಬದ ರೆಕ್ಕೆ ನಿಲ್ಲುತ್ತದಲ್ಲ, ಹಾಗೆ. ಪಂದ್ಯ ನೋಡುವವರು ಯಾರಾದರೂ ಅಲ್ಲಿದ್ದರೆ ಚಪ್ಪಾಳೆ ಹೊಡೆಯುತ್ತಿದ್ದರು.

ಆಗ ಮಂಜು ಇಳಿಯತೊಡಗಿತು. ಗುಡ್ಡದ ಮೇಲಿನಿಂದ ಬಂದು ಅವನ ಎರಡೂ ಪಕ್ಕದಲ್ಲಿ ಹಿಂದಕ್ಕೆ ಹರಿಯಿತು. ರೈಲು ನಿಂತಿದ್ದಾಗ ಪಕ್ಕದ ರೈಲು ಹೊರಟರೆ ನಾವೇ ಹೊರಟ ಹಾಗೆ ಅನ್ನಿಸುತ್ತದೆ. ಸವಾರನಿಗೆ ಹಾಗೇ ಆಯಿತು. ಮಂಜು ಹಿಂದೆ ಹೋದಂತೆ ತಾನು ಮುಂದೆ ಹೋಗುತ್ತಿದ್ದೇನೆ ಅನ್ನಿಸಿತು. ಎಷ್ಟು ಹಗುರ! ಕಾಲಿಗೆ ನೋವಿಲ್ಲ. ಉಸಿರಿಗೆ ಭಾರವಿಲ್ಲ. ಹೂಂ ಎಂದರೆ ಒಂದು ಸುತ್ತು, ಹೂಂ ಎಂದರೆ ಇನ್ನೊಂದು. ಅವನು ಹತ್ತುತ್ತಿದ್ದ, ಹತ್ತುತ್ತಿದ್ದ. ಮೈ ಮಾತ್ರ ಹೊರೆಗಲ್ಲಿನಿಂದ ಹತ್ತು ಹೆಜ್ಜೆ ದೂರದಲ್ಲಿ ತೂಗುತ್ತ ನಿಂತಿತ್ತು.

ಮಂಜಿನೊಳಗೆ ಒಬ್ಬ ಬಂದ. ಹೆಗಲ ಮೇಲೆ ಸೈಕಲ್ಲು, ಮೊಣಕಾಲಿನವರೆಗೆ ಮಣ್ಣು. ದಾಟಿ ಹೋದ. ಇನ್ನೊಬ್ಬ ಬಂದ, ಹಾಗೇ ಹೋದ. ಮತ್ತೆ ಇಬ್ಬರು. ಕನಸಿನವರು ಎಂದುಕೊಂಡ ಸವಾರ. ಕನಸಿನಲ್ಲಿ ಜನ ಹೀಗೇ ಏನೇನೋ ಹೊತ್ತುಕೊಂಡು ಓಡಾಡುತ್ತಾರೆ.

ಹೊರೆಗಲ್ಲಿನ ಹತ್ತಿರ ಕೂತಿದ್ದ ಮುದುಕಿ ಎದ್ದು ನಿಂತಳು. ಬಾಯಿಗೆ ಕೈ ಹಿಡಿದು ಕೂಗಿದಳು.

“ಇಳಿಯೋ ತಮ್ಮಾ! ಇಳೀ!”

ಸವಾರನಿಗೆ ಕೇಳಿತು. ಅದೇ ಮಾತು. ಎರಡು ತಿಂಗಳಿಂದ ಕೇಳಿದ್ದು. ಅವನು ಅಲ್ಲಿಂದಲೇ ನಕ್ಕು ಉತ್ತರ ಕೊಟ್ಟ.

“ಇಳಿಯೋದು ಆ ಕಡೆ ಐತೆವ್ವಾ! ಇದಿನ್ನೂ ಹತ್ತೋದು!”

ಮುದುಕಿ ಹಣೆಗೆ ಕೈ ಹೊಡೆದುಕೊಂಡಳು. “ಅಯ್ಯ ನನ ಕೂಸ” ಅಂದಳು. ಅಷ್ಟು ಹೊತ್ತಿಗೆ ಒಂದು ರೊಟ್ಟಿ ಎರಡೂ ಮಗ್ಗುಲು ಬೇಯುವಷ್ಟು ಹೊತ್ತು ಕಳೆದಿತ್ತು.

ಆಗ ಆ ಹುಡುಗಿ ಬಂದಳು. ಹತ್ತು ನಿಮಿಷ ಹಿಂದೆ ಹೊರಟವಳು. ಎರೆಹೊಲದ ಆಚೆ ಅಂಚಿನಲ್ಲೇ ಇಳಿದು, ಗಾಲಿಗೆ ಮಣ್ಣೇ ಮುಟ್ಟದ ಹಾಗೆ ಸೈಕಲ್ ಹೊತ್ತುಕೊಂಡು ಬಂದಿದ್ದಳು. ಸವಾರನ ಪಕ್ಕಕ್ಕೆ ಬಂದು ನಿಂತು ಅವನ ಮುಖ ನೋಡಿದಳು. ಕಣ್ಣು ತೆರೆದಿದ್ದವು.

“ಅಣ್ಣಾ,” ಅಂದಳು ಮೆಲ್ಲಗೆ, ನಿದ್ದೆಯಲ್ಲಿದ್ದವರನ್ನು ಎಬ್ಬಿಸುವ ಹಾಗೆ. “ಗುಡ್ಡ ಅಲ್ಲ. ಸೈಕಲ್ ಇಳಿ ಅಂತಾಳ ಅವ್ವ.”

ಹೇಳಿ ಹೋದಳು.

ಸವಾರ ಕೆಳಗೆ ನೋಡಿದ. ಗಾಲಿ ಕಾಣಲಿಲ್ಲ, ಮಣ್ಣಿನ ಎರಡು ಮುದ್ದೆ ಕಂಡವು. ಅವು ತಿರುಗುತ್ತಿರಲಿಲ್ಲ. ಅವನಿಗೆ ಒಂದೇ ಮಾತು ಎರಡು ಬಾಯಿಂದ ಕೇಳಿದ ಹಾಗಾಯಿತು. ಇಳಿ. ಎರಡು ತಿಂಗಳು ಅವನು ಅದನ್ನು ಗುಡ್ಡಕ್ಕೆ ಹೇಳಿದ್ದು ಎಂದುಕೊಂಡಿದ್ದ.

ಅವನು ಎಡಗಾಲು ತೆಗೆದ. ನೆಲಕ್ಕೆ ಇಟ್ಟ. ಕಾಲು ಹರಡಿನವರೆಗೆ ಮಣ್ಣಿನಲ್ಲಿ ಹೂತಿತು. ತಣ್ಣಗಿತ್ತು, ಮೆತ್ತಗಿತ್ತು. ಬಲಗಾಲನ್ನೂ ಇಟ್ಟ. ಮಂಜು ಹರಿಯುತ್ತಲೇ ಇತ್ತು, ಆದರೆ ಈಗ ಮಂಜು ಹೋಗುತ್ತಿತ್ತು, ಅವನು ನಿಂತಿದ್ದ.

ಕೈಯಿಂದ ಮಣ್ಣು ಗೀರಿದ. ಸೈಕಲ್ಲನ್ನು ಎತ್ತಿ ಹೆಗಲಿಗೆ ಹಾಕಿದ. ಹೊರೆಗಲ್ಲು ದಾಟುವಾಗ ಮುದುಕಿ ಅವನ ಬೆನ್ನಿಗೆ ಅಂಟಿದ್ದ ಒಂದು ಹೆಂಟೆ ಮಣ್ಣನ್ನು ಕೋಲಿನಿಂದ ತಟ್ಟಿ ಬೀಳಿಸಿದಳು ಅಷ್ಟೇ. ಜಾರುಗಲ್ಲಿನ ಏರನ್ನು ನಡೆದು ಹತ್ತಿದ. ಮೂರು ತಿಂಗಳಲ್ಲಿ ಅದನ್ನು ಅಷ್ಟು ಬೇಗ ಅವನು ಒಂದು ದಿನವೂ ಹತ್ತಿರಲಿಲ್ಲ. ಮೇಲೆ ಹೋಗಿ ಸೈಕಲ್ ಹತ್ತಿ ಗಾಳಿಯ ಹಾಗೆ ಇಳಿದ. ಮುಂದಿದ್ದ ನಾಲ್ವರಲ್ಲಿ ಒಬ್ಬನನ್ನು ಹಿಡಿದ. ಇನ್ನೊಬ್ಬ ಕಾಣುತ್ತಿದ್ದ. ಹತ್ತಿರ ಬಂದ. ಇನ್ನೂ ಹತ್ತಿರ ಬಂದ. ಒಂದು ಗಾಲಿಯಷ್ಟು ಉಳಿದಿತ್ತು, ಪಂದ್ಯದ ಗೆರೆ ಬಂದುಬಿಟ್ಟಿತು.

ಸವಾರ ನಾಲ್ಕನೆಯವನಾದ. ಹೆಸರು ಓದಲಿಲ್ಲ.

(“ಅಯ್ಯೋ!” ಅಂದ ದ್ಯಾಮಣ್ಣ. ಹೂಂ ಅನ್ನುವುದು ಮರೆತಿದ್ದ.)

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಪಂದ್ಯ ಮುಗಿದ ಮೇಲೆ ಸವಾರನಿಗೆ ಆ ಗುಡ್ಡದಲ್ಲಿ ಕೆಲಸವಿರಲಿಲ್ಲ. ಬರುವ ವರ್ಷ ಇರಲಿಲ್ಲ. ಖೋಲಿ ಬಿಡಬೇಕಿತ್ತು. ಆದರೆ ಮರುದಿನ ಮುಂಜಾನೆ ಮುದುಕಿ ಕುರಿ ಬಿಟ್ಟುಕೊಂಡು ಬಂದಾಗ ಎರೆಹೊಲದ ಆಚೆಯಿಂದ ಯಾರೋ ನಡೆದು ಬರುತ್ತಿದ್ದರು. ಹೆಗಲ ಮೇಲೆ ಸೈಕಲ್ಲು. ಮುಂಗೈ ಬರಿದಾಗಿತ್ತು.

ಸವಾರ ಬಂದು, ಬೆನ್ನು ಬಗ್ಗಿಸಿ, ಹೊರೆಯವರು ಮಾಡುವ ಹಾಗೆ ಸೈಕಲ್ಲನ್ನು ಹೊರೆಗಲ್ಲಿನ ಮೇಲೆ ಜಾರಿಸಿದ. ಎಷ್ಟು ವರ್ಷದ ಮೇಲೋ ಆ ಕಲ್ಲಿನ ಮೇಲೆ ಒಂದು ಹೊರೆ ಕೂತಿತು. ಅವನು ಕೆಳಗೆ ಕಲ್ಲಿಗೆ ಬೆನ್ನು ಕೊಟ್ಟು ಕೂತ. ಮುದುಕಿ ಮಜ್ಜಿಗೆ ಕೊಟ್ಟಳು. ಕುಡಿದ. ಕುಂಟ ಕುರಿ ಬಂದು ಅವನ ಕಾಲಿನ ಮಣ್ಣು ಮೂಸಿತು.

“ಹೂಂ,” ಅಂದಳು ಮುದುಕಿ. “ಎಲ್ಲಿಗೆ ಹೊಂಟೀಯೋ ತಮ್ಮಾ ಇವತ್ತ?”

“ಮ್ಯಾಲೆ.”

“ಮ್ಯಾಲೆ ಏನೈತಿ?”

ಸವಾರ ತಲೆ ಎತ್ತಿ ನೋಡಿದ. ಮಂಜಿನಲ್ಲಿ ಗಾಳಿಕಂಬ ಕಾಣುತ್ತಿರಲಿಲ್ಲ.

“ಗೊತ್ತಿಲ್ಲವ್ವಾ,” ಅಂದ. “ಇಷ್ಟು ದಿನ ಮುಟ್ಟಿ ತಿರುಗೀನಿ, ನೋಡಿಲ್ಲ.”

ಫಕೀರವ್ವ ಕೊನೆಯ ಬತ್ತಿಯನ್ನು ಮೊರದಲ್ಲಿಟ್ಟು ಕೈ ಒರೆಸಿಕೊಂಡಳು. ಬಿಸಿಲು ಕಟ್ಟೆಯ ಮೇಲೆ ಬಂದಿತ್ತು. ಒಳಗೆ ಶಾವಂತ್ರಿ ಕಸ ಗುಡಿಸುತ್ತ ಯಾವುದೋ ಪದದ ಮೊದಲ ಸೊಲ್ಲನ್ನು ತನ್ನಷ್ಟಕ್ಕೆ ತಾನು ಗುನುಗುತ್ತಿದ್ದಳು. ದ್ಯಾಮಣ್ಣ ಸೈಕಲ್ ಮೇಲೆಯೇ ಹ್ಯಾಂಡಲಿಗೆ ಬಾಗಿದ. ಆಮೇಲೆ ಕೇಳಿದ:

“ಅಲ್ಲವ್ವಾ, ಆ ಹುಡುಗಿ ಎಷ್ಟನೆಯಾಕಿ ಆದಳು?”

“ತಮ್ಮಾ,” ಅಂದಳು ಫಕೀರವ್ವ, “ನೀ ಇನ್ನೂ ಇಳಿದಿಲ್ಲ.”